ತಿಕಿಗಾಕ್: ಪಾಲಿನ ಲೆಕ್ಕದ ಊರು

ಕಾಮರ್ಸ್ ಓದುವ ನಮಗೆ ‘ಶೇರು’ ಅಂದ ಕೂಡಲೇ ಕಂಪನಿ, ಡಿವಿಡೆಂಡು ನೆನಪಾಗುತ್ತವೆ. ಕನ್ನಡ ಮೀಡಿಯಮ್ಮಿನಿಂದ ಬಂದ ನಾನು ಅದನ್ನು ಮನಸ್ಸಿನಲ್ಲೇ ‘ಪಾಲು’ ಅಂತ ಮಾಡಿಕೊಳ್ಳುತ್ತೇನೆ. ಪಾಲಿನ ಲೆಕ್ಕದ ಮೇಲೆಯೇ ನಿಂತ ಒಂದು ಊರಿನ ಕಥೆ ಲೈಬ್ರರಿಯಲ್ಲಿ ಸಿಕ್ಕಿತು. ಅದನ್ನು ಮಿತ್ರರಿಗೂ ತಿಳಿಸೋಣ ಅಂತ ಈ ಲೇಖನ.

ಅಲಾಸ್ಕದ ವಾಯವ್ಯ ಕರಾವಳಿಯಲ್ಲಿ ಜಲ್ಲಿಕಲ್ಲಿನ ನೆಲವೊಂದು ಚುಕ್ಚಿ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಮೇಲಿರುವ ಊರು ಪಾಯಿಂಟ್ ಹೋಪ್. ಅಲ್ಲಿಯ ಇನುಪಿಯಾಕ್ ಜನ ಅದನ್ನು ತಿಕಿಗಾಕ್, ಅಂದರೆ ತೋರುಬೆರಳು, ಎನ್ನುತ್ತಾರೆ. 1939ರಲ್ಲಿ ಸಂಶೋಧಕರು ಅಲ್ಲೇ ಹತ್ತಿರ ಇಪಿಯುತಾಕ್ ಎಂಬ ಹಳೆಯ ನೆಲೆಯನ್ನು ಅಗೆದರು. ಗೋರಿಗಳಲ್ಲಿ ದಂತದ ಕಣ್ಣುಗಳನ್ನು ಕೂರಿಸಿದ ತಲೆಬುರುಡೆಗಳು ಸಿಕ್ಕವು. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅಲ್ಲಿ ಮನುಷ್ಯರಿದ್ದಾರೆ.

ಆ ನೆಲದಲ್ಲಿ ಬೆಳೆ ಇಲ್ಲ. ಸಮುದ್ರವೇ ಅವರ ಹೊಲ. ಏಪ್ರಿಲ್-ಮೇ ತಿಂಗಳಲ್ಲಿ ಹಿಮಗಡ್ಡೆ ಬಿರಿದು ನೀರಿನ ದಾರಿ ತೆರೆದಾಗ ಬೋಹೆಡ್ ತಿಮಿಂಗಿಲಗಳು ಉತ್ತರಕ್ಕೆ ಹೊರಡುತ್ತವೆ. ಸೀಲ್ ಚರ್ಮ ಹೊದಿಸಿದ ‘ಉಮಿಯಾಕ್’ ದೋಣಿಗಳು ಅವುಗಳಿಗಾಗಿ ಕಾಯುತ್ತವೆ. ದೋಣಿಯ ಯಜಮಾನ ‘ಉಮಿಯಾಲಿಕ್’. ತಿಮಿಂಗಿಲ ಸಿಕ್ಕಿತೆಂದರೆ ಊರೇ ಹಗ್ಗ ಹಿಡಿದು ಹಿಮದ ಮೇಲೆ ಎಳೆಯುತ್ತದೆ.

ಆಮೇಲೆ ಶುರು ನಮ್ಮ ಲೆಕ್ಕ! ಯಾವ ದೋಣಿ ಎಷ್ಟನೆಯದಾಗಿ ಬಂತೋ ಅದರಂತೆ ಇಂತಿಂಥ ಭಾಗ ಎಂದು ಕಟ್ಟುಪಾಡಿದೆ. ಮುದುಕರಿಗೂ ಪಾಲುಂಟು. ಯಜಮಾನ ತನಗೆ ಬಂದದ್ದನ್ನು ನೆಲಮಾಳಿಗೆಯ ಹಿಮದಲ್ಲಿಟ್ಟು, ಜೂನ್ ತಿಂಗಳ ‘ನಲುಕತಾಕ್’ ಹಬ್ಬದಲ್ಲಿ ಊರಿಗೆಲ್ಲ ಉಣಬಡಿಸುತ್ತಾನೆ. ದೋಣಿ, ಗುಂಡು, ಪೆಟ್ರೋಲು ಎಲ್ಲ ಅವನ ಖರ್ಚು. ನಮ್ಮ ಪುಸ್ತಕದ ಪ್ರಕಾರ ಇದು ಶುದ್ಧ ನಷ್ಟ. ಆದರೆ ಅಲ್ಲಿ ಹೆಚ್ಚು ಹಂಚಿದವನೇ ದೊಡ್ಡವನು.

ಹೊರಗಿನವರ ಲೆಕ್ಕ ಬೇರೆ. 1848ರಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗು ಬೇರಿಂಗ್ ಜಲಸಂಧಿ ದಾಟಿತು. ಹಿಂದೆಯೇ ನೂರಾರು ಹಡಗುಗಳು. ಅವರಿಗೆ ಬೇಕಾದದ್ದು ದೀಪದ ಎಣ್ಣೆ ಮತ್ತು ಹೆಂಗಸರ ಬಿಗಿಯುಡುಪಿಗೆ ಹಾಕುವ ಬಾಯಿಯ ಪಟ್ಟಿ. ಅರ್ಧ ಶತಮಾನದಲ್ಲಿ ತಿಮಿಂಗಿಲಗಳು ವಿರಳವಾದವು, ರೋಗಗಳೂ ಬಂದವು.

1958ರಲ್ಲಿ ಇನ್ನೊಂದು ವಿಚಿತ್ರ. ಊರಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ ಅಣುಬಾಂಬು ಸಿಡಿಸಿ ಬಂದರು ತೋಡಬೇಕೆಂದು ಅಮೆರಿಕದ ಅಣುಶಕ್ತಿ ಆಯೋಗ ಯೋಜನೆ ಹಾಕಿತು. ವಿಜ್ಞಾನಿ ಎಡ್ವರ್ಡ್ ಟೆಲ್ಲರ್ ಅದರ ಮುಂದಾಳು. ಊರವರನ್ನು ಯಾರೂ ಕೇಳಲಿಲ್ಲ. 1959ರಲ್ಲಿ ಊರಿನ ಸಭೆ ‘ಬೇಡ’ ಎಂದಿತು. ಅಧಿಕಾರಿಗಳು ಬಂದು ‘ಏನೂ ಆಗೋದಿಲ್ಲ’ ಅಂದರೂ ಜನ ಬಗ್ಗಲಿಲ್ಲ. 1962ರಲ್ಲಿ ಯೋಜನೆ ಮೂಲೆಗೆ ಸೇರಿತು. ಅದೇ ವರ್ಷ ಆ ಊರಿನ ಮಗ, ಚಿತ್ರಕಾರ ಹೋವರ್ಡ್ ರಾಕ್, ‘ಟಂಡ್ರಾ ಟೈಮ್ಸ್’ ಪತ್ರಿಕೆ ಆರಂಭಿಸಿದರು. ಸಣ್ಣ ಪತ್ರಿಕೆ ನಡೆಸುವ ನಾವು ಇದನ್ನು ನೆನಪಿಡಬೇಕು.

1977ರಲ್ಲಿ ಅಂತರರಾಷ್ಟ್ರೀಯ ಆಯೋಗ ತಿಮಿಂಗಿಲಗಳು ಕಡಿಮೆ ಎಂದು ಇವರ ಬೇಟೆಯನ್ನೂ ನಿಷೇಧಿಸಿತು. ‘ನೀವು ಎಣಿಸಿದ್ದೇ ತಪ್ಪು, ಅವು ಹಿಮದಡಿಯಲ್ಲೂ ಹೋಗುತ್ತವೆ’ ಎಂದರು ಬೇಟೆಗಾರರು. ತಮ್ಮದೇ ಆಯೋಗ ಕಟ್ಟಿ, 1978ರಿಂದ ಮಿತಿಯೊಳಗೆ ಬೇಟೆಯಾಡುವ ಹಕ್ಕು ಪಡೆದರು. ಮುಂದೆ ನೀರೊಳಗೆ ಮೈಕ್ರೋಫೋನ್ ಇಳಿಸಿ ಎಣಿಸಿದಾಗ ಅವರ ಮಾತೇ ನಿಜವಾಯಿತು.

1971ರ ಕಾನೂನಿನಿಂದ ಆ ಜನರೂ ಈಗ ಕಂಪನಿಯ ಶೇರುದಾರರು. ಎರಡೂ ಬಗೆಯ ಶೇರು ಅವರಿಗೆ ಗೊತ್ತು. ನಾವು ಪರೀಕ್ಷೆಗೆ ಓದುವುದು ಒಂದನ್ನೇ. ಇನ್ನೊಂದನ್ನು ಯಾವ ಖಾತೆಯಲ್ಲಿ ಬರೆಯಬೇಕು? ಬಲ್ಲವರು ಹೇಳಿ.