ಇಳಿಬೆಲೆಯ ಕಾಲದಲ್ಲಿ ಮನೆಯ ಕ್ರಯವಿಕ್ರಯ

ಮನೆಗಳ ಬೆಲೆ ಇಳಿಯುತ್ತಿರುವಾಗ ಮಾರಬೇಕಾಗಿ ಬಂದವರು ನಷ್ಟವಾಯಿತೆಂದು ಕೊರಗುವುದುಂಟು. ಆ ಹಣದಿಂದ ಬೇರೆ ಮನೆ ಕೊಳ್ಳುವವರು ಲೆಕ್ಕವನ್ನು ಪೂರ್ತಿಯಾಗಿ ಹಾಕಿ ನೋಡಬೇಕು. ಊರಿನ ಮನೆಗೆ 10 ಲಕ್ಷ, ತಾಲ್ಲೂಕು ಪಟ್ಟಣದಲ್ಲಿ ಕೊಳ್ಳುವ ಮನೆಗೆ 20 ಲಕ್ಷ ಎಂದಿಟ್ಟುಕೊಳ್ಳಿ. ಕೈಯಿಂದ ಹಾಕಬೇಕಾದ್ದು 10 ಲಕ್ಷ. ಎರಡೂ ನೂರಕ್ಕೆ ಹತ್ತರಂತೆ ಇಳಿದರೆ 9 ಮತ್ತು 18. ಹಾಕಬೇಕಾದ್ದು 9 ಲಕ್ಷ ಮಾತ್ರ! ಊರಿನಲ್ಲಿ ಇಳಿದು ಪಟ್ಟಣದಲ್ಲಿ ಇಳಿಯದಿದ್ದರೆ ಮಾತ್ರ ಈ ಲೆಕ್ಕ ನಿಲ್ಲದು.

ಸಾಲದ ಮಾತೇ ಬೇರೆ. ಬೆಲೆ ಇಳಿದರೂ ಸಾಲ ಇಳಿಯುವುದಿಲ್ಲ. 20 ಲಕ್ಷದ ಮನೆಗೆ 18 ಲಕ್ಷ ಸಾಲ ತಂದಿದ್ದು, ಬೆಲೆ 16ಕ್ಕೆ ಬಂದರೆ, ಮನೆ ಮಾರಿದರೂ ಸಾಲ ತೀರದು. ಅಮೆರಿಕ ದೇಶದಲ್ಲಿ 2006ರ ನಂತರ ಬೆಲೆ ಕುಸಿದಾಗ ಲಕ್ಷಾಂತರ ಕುಟುಂಬಗಳು ಸಿಕ್ಕಿಕೊಂಡದ್ದು ಇದರಲ್ಲಿಯೇ.

ಮೊದಲು ಕೊಳ್ಳುವುದೋ ಮಾರುವುದೋ? ಇಳಿಬೆಲೆಯಲ್ಲಿ ಮೊದಲು ಮಾರುವುದೇ ಕ್ಷೇಮ. ಹೊಸ ಮನೆಗೆ ಮುಂಗಡ ಕೊಟ್ಟು, ಹಳೆಯದಕ್ಕೆ ಗಿರಾಕಿ ಕಾಣದೆ, ಕೈಗಡಕ್ಕೆ ಅಲೆಯುವವರು ಊರಿಗೊಬ್ಬರಾದರೂ ಸಿಕ್ಕಾರು. ಕರಾರುಪತ್ರದಲ್ಲಿ ವಾಯಿದೆ ಧಾರಾಳವಾಗಿರಲಿ.

ಕೊಳ್ಳುವವರು ಒಂದನ್ನು ಮರೆಯುತ್ತಾರೆ. ಸರ್ಕಾರದ ಮಾರ್ಗಸೂಚಿ ಬೆಲೆ ಪೇಟೆಯೊಡನೆ ತಾನಾಗಿ ಇಳಿಯದು. ನೀವು ಕೊಟ್ಟ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ, ಮುದ್ರಾಂಕ ಶುಲ್ಕವನ್ನು ಸಾಮಾನ್ಯವಾಗಿ ಮಾರ್ಗಸೂಚಿ ಬೆಲೆಯ ಮೇಲೆಯೇ ಕೇಳುತ್ತಾರೆ. ಆ ಹಣವನ್ನು ಮೊದಲೇ ತೆಗೆದಿಡಿ. ಅವಸರದಿಂದ ಅಗ್ಗಕ್ಕೆ ಮಾರುವವರ ಮನೆಯ ಮೇಲೆ ಸಾಲವಿದ್ದರೂ ಇರಬಹುದು. ಮುಂಗಡ ಕೊಡುವ ಮುನ್ನ ಋಣಭಾರ ಪತ್ರ ತೆಗೆಸಿ ನೋಡಿ. ಕ್ರಯಪತ್ರದ ನಕಲು ತೋರಿಸಿದರೆ ಒಪ್ಪಬೇಡಿ, ಮೂಲವನ್ನೇ ಕೇಳಿ. ಅದು ಬ್ಯಾಂಕಿನಲ್ಲಿ ಅಡವಿದ್ದೀತು.