ಚಿಕ್ಕದರ ಕಾಲಿಗೆ ಎಷ್ಟು ದೂರವೋ ಅಷ್ಟೇ

ಎರಡು ಪುಟ್ಟ ಮಕ್ಕಳಿರುವ ಮನೆಗೆ ರಜೆ ಬಂದರೆ ಮೊದಲು ಸುಸ್ತಾಗುವವಳು ತಾಯಿ. ಆಮೇಲೆ ಚಿಕ್ಕ ಮಗು, ಆಮೇಲೆ ದೊಡ್ಡದು. ಕಾರು ಓಡಿಸುವ ಅಪ್ಪನಿಗೆ ಸುಸ್ತು ಗೊತ್ತಾಗುವುದು ರಾತ್ರಿ ಮನೆ ಸೇರಿ ಕಾಲು ಚಾಚಿದ ಮೇಲೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲೇ ಮಕ್ಕಳನ್ನು ಸುತ್ತಾಡಿಸಿ, ಈಗ ಮೊಮ್ಮಕ್ಕಳ ಕೈ ಹಿಡಿದು ನಡೆಯುತ್ತಿರುವವನು ನಾನು. ಹಾಗಾಗಿ ನಿಮ್ಮಂಥ ಎಳೆಯ ದಂಪತಿಗೆ ನಾಲ್ಕು ಮಾತು ಹೇಳಬಹುದು ಅನ್ನಿಸಿತು. ಹಿಡಿಸಿದ್ದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಬಿಡಿ.

‘ಒಂದೇ ದಿನದಲ್ಲಿ ಇಕ್ಕೇರಿ, ಕೆಳದಿ, ಸಿಗಂದೂರು, ಜೋಗ ಎಲ್ಲಾ ಮುಗಿಸಿಬಿಟ್ವಿ’ ಎಂದು ಹೆಮ್ಮೆಯಿಂದ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಮುಗಿಸಲು ಅದೇನು ಪರೀಕ್ಷೆಯ ಪೋರ್ಷನ್ನೇ? ಆ ಮನೆಯ ನಾಲ್ಕು ವರ್ಷದ ಮಗುವನ್ನು ಕೇಳಿ ನೋಡಿ. ಅದಕ್ಕೆ ನೆನಪಿರುವುದು ತಾಳಗುಪ್ಪದಲ್ಲಿ ಕೊಡಿಸಿದ ಐಸ್‌ಕ್ರೀಂ ಮಾತ್ರ. ದಿನಕ್ಕೆ ಒಂದು ಜಾಗ ಸಾಕು. ಅದು ಚಿಕ್ಕದರ ಕಾಲಿಗೆ ಎಟುಕುವಂತಿರಬೇಕು. ದೊಡ್ಡವನು ನಡೆಯುತ್ತಾನೆ ಎಂದು ಕವಲೇದುರ್ಗ ಹತ್ತಲು ಹೊರಟರೆ, ಅರ್ಧ ದಾರಿಯಲ್ಲಿ ಚಿಕ್ಕದು ಹೆಗಲೇರುತ್ತದೆ, ದೊಡ್ಡದು ‘ನನ್ನನ್ನೂ ಎತ್ತಿಕೋ’ ಎನ್ನುತ್ತದೆ, ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಕವಲೇದುರ್ಗ ಎಲ್ಲಿಗೂ ಓಡಿಹೋಗುವುದಿಲ್ಲ. ಕೊಡಚಾದ್ರಿಯ 1,343 ಮೀಟರ್ ಎತ್ತರವೂ ಕರಗುವುದಿಲ್ಲ. ಜೀಪಿನಲ್ಲಿ ಹೋಗಬಹುದಲ್ಲ ಎನ್ನಬೇಡಿ. ಆ ದಾರಿಯ ಕುಲುಕಾಟಕ್ಕೆ ದೊಡ್ಡವರ ಸೊಂಟವೇ ಪದ ಹೇಳುತ್ತದೆ.

ಸಾಗರದವರಾದರೆ ಇಕ್ಕೇರಿಯಿಂದ ಶುರು ಮಾಡಿ. ಪೇಟೆಯಿಂದ ಕೂಗಳತೆ ಅನ್ನುವಷ್ಟು ಹತ್ತಿರ. ಅಘೋರೇಶ್ವರ ದೇವಸ್ಥಾನದ ಸುತ್ತ ಮಕ್ಕಳು ಓಡಲು ಬೇಕಾದಷ್ಟು ಬಯಲಿದೆ. ವಾಹನದ ಕಾಟವಿಲ್ಲ. ಒಳಗೆ ಗರ್ಭಗುಡಿಗೆ ಎದುರು ನೆಲದ ಕಲ್ಲಿನಲ್ಲೇ ಕೆಳದಿಯ ಅರಸರು ನಮಸ್ಕರಿಸುತ್ತಿರುವಂತೆ ಕೆತ್ತಿದ್ದಾರೆ. ‘ರಾಜ ಯಾಕೆ ನೆಲದ ಮೇಲಿದ್ದಾನೆ?’ ಎಂದು ಮಗು ಕೇಳದೆ ಇರುವುದಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳುತ್ತ ಕೂತರೆ ಅರ್ಧ ಗಂಟೆ ಹೋಗುತ್ತದೆ. ಕೆಳದಿಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅಲ್ಲಿ ವೀರಭದ್ರನ ಗುಡಿಯ ಚಾವಣಿಯಲ್ಲಿ ಗಂಡಭೇರುಂಡವಿದೆ. ಎರಡು ತಲೆಯ ಹಕ್ಕಿ ತೋರಿಸುತ್ತೇನೆ ಎಂದು ಮೊದಲೇ ಆಸೆ ಹುಟ್ಟಿಸಿ ಕರೆದುಕೊಂಡು ಹೋಗಿ. ಎಲ್ಲಿದೆ ಎಂದು ಹೇಳಬೇಡಿ, ಅವರೇ ಹುಡುಕಲಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ಚೆನ್ನಮ್ಮನ ಕತೆಯನ್ನು ಮನೆಗೆ ಬಂದು ಊಟದ ಹೊತ್ತಿಗೆ ಹೇಳಿದರೆ ತುತ್ತು ತಾನಾಗಿ ಒಳಗೆ ಹೋಗುತ್ತದೆ.

ನನ್ನ ಕೇಳಿದರೆ, ಈ ಮೂರೂ ತಾಲೂಕಿನ ಮಕ್ಕಳಿಗೆ ತೋರಿಸಬೇಕಾದದ್ದು ಒಂದು ಹೊಳೆಯನ್ನು. ಶರಾವತಿಯನ್ನು. ಅದನ್ನು ಒಂದೇ ದಿನ ತೋರಿಸಲು ಆಗುವುದಿಲ್ಲ, ತೋರಿಸಲೂಬಾರದು. ಎರಡು ಮೂರು ರಜೆಗೆ ಹಂಚಿ. ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ. ಸೀತೆಗೆ ಬಾಯಾರಿದಾಗ ರಾಮ ಬಾಣ ಬಿಟ್ಟು ನೀರು ತೆಗೆದ ಎಂದು ಸ್ಥಳದ ಕತೆ. ಮಗು ಕೈಯಲ್ಲಿ ಮುಟ್ಟಬಹುದಾದಷ್ಟು ಸಣ್ಣ ನೀರು ಅಲ್ಲಿ. ಮುಂದಿನ ರಜೆಯಲ್ಲಿ ಹೊಸನಗರದ ಕಡೆಯಿಂದ ಪಟಗುಪ್ಪ ಸೇತುವೆಗೆ ಹೋಗಿ. ಅಂಬುತೀರ್ಥದಲ್ಲಿ ಬೊಗಸೆಗೆ ಸಿಕ್ಕ ನೀರು ಇಲ್ಲಿ ಕಣ್ಣು ಹಾಯುವಷ್ಟು ಹಿನ್ನೀರಾಗಿ ನಿಂತಿರುತ್ತದೆ. ಆಮೇಲಿನ ರಜೆಗೆ ಜೋಗ.

ಜೋಗಕ್ಕೆ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಪೇಚಿಗೆ ಬೀಳುವ ಅಪ್ಪ ಅಮ್ಮಂದಿರು ಪ್ರತಿ ವರ್ಷ ಕಾಣುತ್ತಾರೆ. ‘ಅಪ್ಪಾ, ಫಾಲ್ಸ್ ಎಲ್ಲಿ?’ ಎಂದು ಮಗು ಕೇಳಿದರೆ ಬಂಡೆ ತೋರಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಹೊಳೆಯ ನೀರು ಮೊದಲು ಕರೆಂಟಿಗೆ, ಮಿಕ್ಕಿದ್ದು ರಾಜ, ರಾಣಿ, ರೋರರ್, ರಾಕೆಟ್‌ಗೆ. 830 ಅಡಿಯ ಆ ಧುಮುಕನ್ನು ನೋಡಬೇಕೆಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ಮಂಜು ಮುಚ್ಚಿದ್ದರೆ ಒಂದಿಷ್ಟು ಹೊತ್ತು ಕಾಯಿರಿ. ಪರದೆ ಸರಿದಂತೆ ಸರಿದಾಗ ಮಗು ಕೂಗುವ ಕೂಗು ಯಾವ ವಿಡಿಯೊದಲ್ಲೂ ಸಿಗುವುದಿಲ್ಲ. ಕೆಳಗೆ ಇಳಿಯುವ ಮೆಟ್ಟಿಲ ತಂಟೆಗೆ ಮಾತ್ರ ಪುಟ್ಟ ಮಕ್ಕಳೊಂದಿಗೆ ಹೋಗಬೇಡಿ.

ಮನೆಯಲ್ಲೇ ಕೂತು ಆಡುವ ಆಟವೊಂದಿದೆ. ಮಳೆಗಾಲದಲ್ಲಿ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ಬರುತ್ತದಲ್ಲ, ದೊಡ್ಡ ಮಗುವಿಗೆ ಅಕ್ಷರ ಅಂಕಿ ಬಂದಿದ್ದರೆ ಅದನ್ನು ದಿನಾ ಕ್ಯಾಲೆಂಡರಿನ ಮೇಲೆ ಬರೆಸಿ. ಪೂರ್ಣ ಮಟ್ಟ 1819 ಅಡಿ. ಅದಕ್ಕೆ ಇನ್ನೆಷ್ಟು ಬಾಕಿ ಎಂದು ಕಳೆಯುವ ಲೆಕ್ಕವನ್ನು ನಮ್ಮೂರ ಹುಡುಗರು ಶಾಲೆಗಿಂತ ಮೊದಲು ಇಲ್ಲೇ ಕಲಿಯುತ್ತಾರೆ. ಗೇಟು ತೆಗೆದ ಸುದ್ದಿ ಬಂದ ದಿನ ಮನೆಯೆಲ್ಲ ಹಬ್ಬ.

ಹೊಳೆ ತೋರಿಸುವಾಗ ಮುಳುಗಡೆಯ ಮಾತನ್ನೂ ಹೇಳಿ. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಮುಳುಗಡೆಯಿಂದ ಎದ್ದು ಬಂದ ಹಿರಿಯರು ಇರಬಹುದು. ‘ಮುತ್ತಜ್ಜನ ಮನೆ ಅಲ್ಲಿ, ಆ ನೀರಿನಡಿ’ ಎಂದು ಕೈ ತೋರಿಸಲು ಅವರಿಗಿಂತ ಬೇರೆ ಯಾರು ಬೇಕು? ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಲಿಂಗನಮಕ್ಕಿಗಿಂತ ಮುಂಚೆ ಜೋಗದ ವಿದ್ಯುದಾಗಾರಕ್ಕೆ ನೀರು ಕೊಟ್ಟಿದ್ದು ಅದು. ಅಣೆಕಟ್ಟನ್ನೇ ಅಣೆಕಟ್ಟು ಮುಳುಗಿಸಿದ ಕತೆ ಮಕ್ಕಳಿಗೆ ರಾಕ್ಷಸರ ಕತೆಗಿಂತ ಹೆಚ್ಚು ರುಚಿಸುತ್ತದೆ. ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಮಕ್ಕಳನ್ನು ಬಿಸಿಲಲ್ಲಿ ಇಟ್ಟುಕೊಂಡು ಕಾಯುವ ಕಾಲ ಮುಗಿಯಿತು. 2025ರ ಜುಲೈಯಲ್ಲಿ ಸೇತುವೆ ತೆರೆದಿದ್ದಾರೆ. ಹಿನ್ನೀರಿನಿಂದ ದ್ವೀಪದಂತಾದ ಆಚೆ ದಡದ ಜನ ಈ ಸೇತುವೆಗಾಗಿ ಎಷ್ಟು ಕಾಲ ಕಾದರು ಎಂಬುದನ್ನೂ ಮಕ್ಕಳಿಗೆ ಸೇತುವೆ ದಾಟುವಾಗಲೇ ಹೇಳಿ.

ಇನ್ನು ಸ್ವಲ್ಪ ಗಟ್ಟಿ ದನಿಯಲ್ಲಿ ಹೇಳಬೇಕಾದದ್ದು. ಹಿನ್ನೀರಿಗೂ ತುಂಗೆಗೂ ಮಕ್ಕಳನ್ನು ಇಳಿಸಬೇಡಿ. ಮೇಲೆ ಕನ್ನಡಿಯ ಹಾಗೆ ನಿಂತ ನೀರಿನ ಅಡಿಯಲ್ಲಿ ಕೆಸರು, ಹಳೆಯ ಮರದ ಬೊಡ್ಡೆ, ಇದ್ದಕ್ಕಿದ್ದಂತೆ ಆಳ. ತೀರ್ಥಹಳ್ಳಿಯಲ್ಲಿ ಬೇಸಿಗೆಯಲ್ಲಿ ಬಂಡೆ ಕಾಣುವ ತುಂಗೆ ಸಾಧುವಾಗಿ ಕಾಣುತ್ತಾಳೆ, ಬಂಡೆಗಳ ನಡುವಿನ ಮಡುಗಳು ಸಾಧುವಲ್ಲ. ನೀರು ಮುಟ್ಟುವ ಆಸೆ ತೀರಬೇಕಾದರೆ ಚಿಬ್ಬಲಗುಡ್ಡೆಗೆ ಹೋಗಿ. ಅಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಕೂತರೆ ಮೀನುಗಳೇ ಹತ್ತಿರ ಬರುತ್ತವೆ. ಆಗಲೂ ಒಬ್ಬರು ಒಂದು ಮಗುವಿನ ಕೈ ಹಿಡಿದಿರಬೇಕು. ಫೋಟೊ ತೆಗೆಯುವ ಕೈ ಮೂರನೆಯವರದ್ದಾಗಿರಲಿ. ಮೂರನೆಯವರು ಇಲ್ಲದಿದ್ದರೆ ಫೋಟೊ ಬೇಡ.

ಎರಡನೆಯದು ಉಣುಗು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಇನ್ನೂ ನಮ್ಮನ್ನು ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಪಟ್ಟ ಪಾಡು ನಮ್ಮ ಕಣ್ಣ ಮುಂದಿನದು. ಉಣುಗಿನ ಕಾಟ ಹೆಚ್ಚುವುದು ಚಳಿಗಾಲ ಶುರುವಾದಾಗಿನಿಂದ ಮೇವರೆಗೆ. ಶಾಲೆಯ ಬೇಸಿಗೆ ರಜೆ ಸರಿಯಾಗಿ ಅದರೊಳಗೇ ಬಂದು ಕೂತಿದೆ. ಹಾಗಾಗಿ ಏಪ್ರಿಲ್, ಮೇನಲ್ಲಿ ‘ಕಾಡು ತೋರಿಸುತ್ತೇನೆ’ ಎಂದು ದರಕು ತುಂಬಿದ ಕಾಲುದಾರಿಗೆ ಮಕ್ಕಳನ್ನು ಬಿಡಬೇಡಿ. ಮಂಗ ಸತ್ತು ಬಿದ್ದಿದೆ ಎಂದು ಕೇಳಿದ ಕಡೆಗಂತೂ ತಲೆಹಾಕಲೇಬೇಡಿ. ತೋಟಕ್ಕೆ ಹೋಗಲೇಬೇಕಾದರೆ ಉದ್ದ ಪ್ಯಾಂಟು, ಉದ್ದ ತೋಳಿನ ಅಂಗಿ. ಬಂದ ತಕ್ಷಣ ಬಚ್ಚಲಿಗೆ ಕಳಿಸಿ ಕಿವಿ ಹಿಂದೆ, ಕಂಕುಳು, ಮೊಣಕಾಲ ಸಂದು ನೋಡಿ. ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಪುಟ್ಟ ಮಕ್ಕಳಿಗೆ ಹಚ್ಚುವ ಮುಂಚೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಾಡಂಚಿಗೆ ಹೋಗಿ ಬಂದ ಮೇಲೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಷಾಯ ಕುಡಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ, ‘ಕಾಡಿಗೆ ಹೋಗಿದ್ದೆವು’ ಎಂದು ಬಾಯಿಬಿಟ್ಟು ಹೇಳಿ. ಇಂಬಳದ ಬಗ್ಗೆ ಇಷ್ಟು ಹೆದರಬೇಕಿಲ್ಲ. ಉಪ್ಪಿನ ಗಂಟೊಂದು ಜೇಬಿನಲ್ಲಿದ್ದರೆ ಸಾಕು. ರಕ್ತ ಕಂಡು ಕಿರುಚುವವರು ಹೆಚ್ಚಾಗಿ ಬೆಂಗಳೂರಿನ ಚಿಕ್ಕಪ್ಪಂದಿರು, ಮಕ್ಕಳಲ್ಲ.

ಹುಲಿಕಲ್, ಆಗುಂಬೆ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುವ ಮಕ್ಕಳಿಗೆ ಹೊರಡುವ ಮುಂಚೆ ಹಾಲು ಕುಡಿಸಬೇಡಿ. ಒಣ ಅವಲಕ್ಕಿ, ಮಂಡಕ್ಕಿ ಸಾಕು. ಕಿಟಕಿ ತೆಗೆದಿಡಿ, ಮೊಬೈಲು ಕೊಡಬೇಡಿ. ನಿಟ್ಟೂರು, ತುಮರಿಯ ಕಡೆ ನೆಟ್‌ವರ್ಕ್ ನಂಬಿಕೊಂಡು ಮ್ಯಾಪಿನ ಭರವಸೆಯಲ್ಲಿ ಹೊರಡಬೇಡಿ.

ಎರಡು ಮಕ್ಕಳ ವಿಚಾರಕ್ಕೆ ಬರೋಣ. ‘ನೀನು ದೊಡ್ಡವನಲ್ವಾ, ಸುಮ್ಮನಿರು’ ಎಂಬ ಮಾತನ್ನು ದಿನಕ್ಕೆ ಎಷ್ಟು ಸಲ ಆಡುತ್ತೀರಿ, ಒಂದು ದಿನ ಗಮನಿಸಿ. ಆರು ವರ್ಷದ ದೊಡ್ಡವನು ಯಾವ ಲೆಕ್ಕದಲ್ಲಿ ದೊಡ್ಡವನು? ಅವನಿಗೆ ಸಿಗಬೇಕಾದದ್ದು ಉಪದೇಶವಲ್ಲ, ಅಪ್ಪನೋ ಅಮ್ಮನೋ ತನಗೊಬ್ಬನಿಗೇ ಸಿಗುವ ಒಂದು ಬೆಳಗ್ಗೆ. ಎಲ್ಲಿ ಹೋದರೂ ನಾಲ್ವರೂ ಒಟ್ಟಿಗೇ ಹೋಗಬೇಕೆಂಬ ಹಟ ಬಿಡಿ. ದೊಡ್ಡವನನ್ನು ಅಪ್ಪ ಕುಪ್ಪಳಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಲಿ. ಹಿಂದಿನ ರಾತ್ರಿ ಕುವೆಂಪು ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಗಟ್ಟಿಯಾಗಿ ಓದಿ. ಬ್ರೌನಿಂಗ್‌ನ ಇಂಗ್ಲಿಷ್ ಕವಿತೆಯ ಇಲಿಗಳು ಅದರಲ್ಲಿ ಕನ್ನಡದ ಇಲಿಗಳೇ ಆಗಿಬಿಟ್ಟಿವೆ. ಮಾರನೇ ದಿನ ಕವಿಮನೆಯ ಮಹಡಿ, ತೊಟ್ಟಿ, ಅಡುಗೆಮನೆಯ ಪಾತ್ರೆ ಪಡಗ ನೋಡುವಾಗ, ಆ ಇಲಿಗಳನ್ನು ಬರೆದವರು ಬೆಳೆದ ಮನೆ ಇದು ಅಂದರೆ ಅವನ ಕಣ್ಣು ಬೇರೆಯಾಗುತ್ತದೆ. ಕವಿಶೈಲದಲ್ಲಿ ಭಾಷಣ ಮಾಡಬೇಡಿ. ಕಲ್ಲಿನ ಮೇಲೆ ಕೂತು ಚಕ್ಕುಲಿ ತಿನ್ನಿ.

ಅದೇ ದಿನ ಅಮ್ಮ ಚಿಕ್ಕದರೊಂದಿಗೆ ಮನೆಯಲ್ಲಿದ್ದರೆ ಅದು ಶಿಕ್ಷೆಯಾಗಬಾರದು. ಮುಂದಿನ ವಾರ ಸರದಿ ಬದಲಿಸಿ. ಚಿಕ್ಕದನ್ನು ಅಪ್ಪ ನೋಡಿಕೊಳ್ಳಲಿ, ಅಮ್ಮ ಹೆಗ್ಗೋಡಿನ ನೀನಾಸಂನಲ್ಲಿ ಒಂದು ನಾಟಕ ನೋಡಿ ಬರಲಿ. ಮದುವೆಗೆ ಮುಂಚೆ ತಿರುಗಾಟದ ನಾಟಕ ತಪ್ಪಿಸದೆ ನೋಡುತ್ತಿದ್ದವರು ಎರಡು ಹೆತ್ತ ಮೇಲೆ ಆ ರಂಗಮಂದಿರದ ಕಡೆ ತಲೆಹಾಕದೆ ಇರುವುದು ನನಗೆ ಸರಿ ಕಾಣುವುದಿಲ್ಲ.

ರಜೆಯಲ್ಲದ ದಿನಗಳೇ ಹೆಚ್ಚು, ಅದನ್ನು ಮರೆಯಬೇಡಿ. ಅಜ್ಜಿ ಮನೆಗೆ ಹೋದರೆ ಮಕ್ಕಳನ್ನು ನೆಂಟರ ಹಾಗೆ ಕೂರಿಸಬೇಡಿ. ಕೊನೆಕೊಯ್ಲಿನ ಕಾಲದಲ್ಲಿ ಉದುರಿದ ಅಡಿಕೆ ಹೆಕ್ಕಲಿ, ಬೇಸಿಗೆಯಲ್ಲಿ ಹಲಸಿನ ಹಪ್ಪಳಕ್ಕೆ ಉಂಡೆ ಕಟ್ಟಲಿ, ಕಾಗೆ ಓಡಿಸಲು ಜಗಲಿಯಲ್ಲಿ ಕಾವಲು ಕೂರಲಿ. ಹಿಟ್ಟಿನ ಉಂಡೆ ಅರ್ಧ ಹೊಟ್ಟೆಗೆ ಹೋದರೂ ಪರವಾಗಿಲ್ಲ, ಕಾವಲಿನ ಸಂಬಳ ಅದು. ಸಾಗರದ ಬಾಡಿಗೆ ಮನೆಯಲ್ಲಿ ತೋಟ ಎಲ್ಲಿಂದ ತರೋಣ ಎನ್ನುವವರು ಸಂಜೆ ಒಂದು ಸುತ್ತು ಸಾಗರ ಜಂಬಗಾರು ಸ್ಟೇಷನ್ನಿಗೆ ಹೋಗಿ ರೈಲು ನೋಡಿ ಬನ್ನಿ. ಚಿಕ್ಕ ಮಕ್ಕಳಿಗೆ ಜೋಗ ಬೇರೆಯಲ್ಲ, ರೈಲು ಬೇರೆಯಲ್ಲ.

ಎಲ್ಲಿಂದ ಶುರು ಮಾಡೋಣ ಎಂದರೆ, ಈ ಸಲ ದಸರಾ ರಜೆಯಲ್ಲಿ ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗಿ. ಆನೆಗಳ ಸ್ನಾನ ಬೆಳಗಿನ ಹೊತ್ತು ಮಾತ್ರ. ತಿಂಡಿ ಬುತ್ತಿ ಕಟ್ಟಿಕೊಂಡು ಬೇಗ ಹೊರಡಿ, ಬರುವಾಗ ಮಂಡಗದ್ದೆಯಲ್ಲಿ ಗಾಡಿ ನಿಲ್ಲಿಸಿ. ತುಂಗೆಯ ನಡುಗಡ್ಡೆಯ ಮರಗಳಲ್ಲಿ ಹಕ್ಕಿ ಉಳಿದಿದ್ದರೆ ರಸ್ತೆ ಬದಿಯಿಂದಲೇ ಕಾಣುತ್ತವೆ, ಚಿಕ್ಕದು ನಡೆಯಬೇಕಿಲ್ಲ. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡಿ. ನಾಲ್ವರೂ ಮಲಗಿ.