ಡ್ರಮ್ಸ್ ನುಡಿಸಿದರೆ ಸೊಂಟ ನೋವು

ಪ್ರಶ್ನೆ: ನನಗೆ 26 ವರ್ಷ. ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ನುಡಿಸುತ್ತೇನೆ. ಗಣೇಶೋತ್ಸವದ ಸಮಯದಲ್ಲಿ ದಿನಾ ಮೂರು ನಾಲ್ಕು ಗಂಟೆ ಕಾರ್ಯಕ್ರಮ ಇರುತ್ತದೆ. ಸೊಂಟ ಹಿಡಿದುಕೊಳ್ಳುತ್ತದೆ, ಬಲ ಭುಜ ಸೆಳೆಯುತ್ತದೆ. ಸ್ಟೂಲ್ ಇಲ್ಲದ ಕಡೆ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂರುತ್ತೇನೆ. ನೋವಿನ ಮಾತ್ರೆ ನುಂಗಿ ಕಾರ್ಯಕ್ರಮ ಮುಗಿಸಬಹುದೇ?
– ಹೆಸರು ಬೇಡ, ಹಾಸನ

ಉತ್ತರ: ಬೇಡ. ನೋವಿನ ಮಾತ್ರೆಯನ್ನು ದಿನಾ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಕೆಟ್ಟದ್ದು. ನನ್ನ ಮೊದಲ ಅನುಮಾನ ಆ ಕುರ್ಚಿಯ ಮೇಲೆ. ಅದರ ಸೀಟು ಹಿಂದಕ್ಕೆ ಇಳಿಜಾರು. ಕೂತರೆ ಮೊಣಕಾಲು ಮೇಲೇರಿ ಬೆನ್ನು ಬಾಗುತ್ತದೆ. ಡ್ರಮ್ಸ್ ನುಡಿಸುವವರ ಎರಡೂ ಪಾದ ಪೆಡಲ್ ಮೇಲೆ ಆಡುತ್ತಿರುವುದರಿಂದ ನೆಲಕ್ಕೆ ಗಟ್ಟಿಯಾಗಿ ಕಾಲೂರಿ ಭಾರ ಇಳಿಸಲೂ ಆಗುವುದಿಲ್ಲ. ಎಲ್ಲ ಒತ್ತಡ ಸೊಂಟಕ್ಕೇ.

ಡ್ರಮ್ಸ್ ಜೋಡಿಸಿಕೊಂಡು ಆಮೇಲೆ ಕೂರಬೇಡಿ; ಮೊದಲು ಕೂತು, ಆಮೇಲೆ ಜೋಡಿಸಿಕೊಳ್ಳಿ. ತೊಡೆ ಮೊಣಕಾಲಿನ ಕಡೆಗೆ ತುಸು ಇಳಿಮುಖವಾಗುವಷ್ಟು ಸ್ಟೂಲ್ ಎತ್ತರಿಸಿ. ಕಾಲು ಸಹಜವಾಗಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಬೇಸ್ ಡ್ರಮ್ ಮತ್ತು ಹೈ-ಹ್ಯಾಟ್ ಪೆಡಲ್ ಬರಲಿ. ಸ್ನೇರ್ ಎರಡು ತೊಡೆಗಳ ನಡುವೆ, ತೊಡೆಗಿಂತ ನಾಲ್ಕು ಬೆರಳಷ್ಟು ಮೇಲಿರಲಿ. ಕೋಲು ಅದರ ನಡುವಿಗೆ ಬಿದ್ದಾಗ ಮಣಿಕಟ್ಟು ಬಾಗದಿದ್ದರೆ ಎತ್ತರ ಸರಿಯಾಗಿದೆ ಎಂದರ್ಥ.

ಭುಜದ ನೋವಿಗೆ ಬಹುಪಾಲು ರೈಡ್ ಸಿಂಬಲ್ ಕಾರಣ. ನೋಡುವವರಿಗೆ ಚೆಂದ ಎಂದು ಅದನ್ನು ಮೇಲೆ, ದೂರ ಕಟ್ಟುತ್ತಾರೆ. ಒಂದೊಂದು ಹಾಡಿನಲ್ಲೂ ನೂರಾರು ಸಲ ತೋಳು ಚಾಚಿದರೆ ಭುಜದ ಸ್ನಾಯುರಜ್ಜು ಊದಿಕೊಳ್ಳುತ್ತದೆ. ಮೊಣಕೈ ಪಕ್ಕೆಯ ಹತ್ತಿರವಿದ್ದಂತೆಯೇ ಕೋಲಿಗೆ ಸಿಗುವಷ್ಟು ಅದನ್ನು ತಗ್ಗಿಸಿ, ಹತ್ತಿರಕ್ಕೆ ಎಳೆದುಕೊಳ್ಳಿ.

ಬಾಡಿಗೆ ಸೆಟ್ ಆದರೂ ಸ್ಟೂಲ್ ಮಾತ್ರ ನಿಮ್ಮದೇ ಇರಲಿ, ಹೋದಲ್ಲಿಗೆ ಒಯ್ಯಿರಿ. ಸ್ಟ್ಯಾಂಡ್‌ಗಳು ನಿಲ್ಲುವ ಜಾಗವನ್ನು ನಿಮ್ಮ ಜಮಖಾನೆಯ ಮೇಲೆ ಟೇಪಿನಿಂದ ಗುರುತು ಮಾಡಿಟ್ಟರೆ, ತಡವಾಗಿ ತಲುಪಿದ ದಿನವೂ ಜೋಡಣೆ ತಪ್ಪುವುದಿಲ್ಲ. ಹಾಡುಗಳ ನಡುವೆ ನಿರೂಪಕರು ಮಾತಾಡುವಾಗ ಎದ್ದು ನಿಂತು ಬೆನ್ನು ನೇರ ಮಾಡಿ.

ನೀವು ಕೇಳದಿದ್ದರೂ ಕಿವಿಯ ಮಾತು ಹೇಳಲೇಬೇಕು. ಡ್ರಮ್ಸ್ ಸದ್ದು ಸುಲಭವಾಗಿ 100 ಡೆಸಿಬೆಲ್ ದಾಟುತ್ತದೆ. ಅಷ್ಟು ಸದ್ದಿನಲ್ಲಿ 15 ನಿಮಿಷ ಮೀರಿದರೆ ಕಿವಿಗೆ ಅಪಾಯ. ಹತ್ತಿ ಸಾಲದು, ಇಯರ್ ಪ್ಲಗ್ ಹಾಕಿ.

ಇಷ್ಟು ಮಾಡಿಯೂ ಎರಡು ಮೂರು ವಾರದಲ್ಲಿ ನೋವು ತಗ್ಗದಿದ್ದರೆ, ಅಥವಾ ಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ಮೊಣಕಾಲಿನ ಕೆಳಗೂ ಇಳಿಯುತ್ತಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.